ದಡ್ಡಿಯಲ್ಲಿ ಚೀನಾ ಪುರಾಣದ ಮಂಗಲ

ಆ ಸಂಜೆ ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದು ನೆಟ್‌ವರ್ಕ್ ಹೋಗಬಹುದಿತ್ತು. ಎರಡೂ ಇದ್ದು ನನ್ನ ಫೋನಿನ ಬ್ಯಾಟರಿ ಸಾಯಬಹುದಿತ್ತು. ನಾನು ಹತ್ತಿದ ಬಸ್ಸು ಹುಕ್ಕೇರಿ ದಾಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ಚೀನಾದವರ ಜೊತೆ ಫೋನಿನಲ್ಲಿ ಏನೋ ನಡೆದಿದೆ ಎಂದು ಯಾರಾದರೂ ಠಾಣೆಗೆ ಸುದ್ದಿ ಮುಟ್ಟಿಸಬಹುದಿತ್ತು. ಓದಬೇಕಾದ ಗ್ರಂಥಾಲಯದ ಸುನಂದಾ ಅವರ ಗಂಟಲು ಕಟ್ಟಬಹುದಿತ್ತು. ಮಳೆ ಬರಬಹುದಿತ್ತು. ಭಂಡಾರ ತೂರಿದಾಗ ಅರಿಶಿನ ಫೋನಿನ ತೂತಿನೊಳಗೆ ಹೊಕ್ಕು ಕೂರಬಹುದಿತ್ತು. ಆಡು ಬಂದು ಪುಸ್ತಕಕ್ಕೆ ಬಾಯಿ ಹಾಕಬಹುದಿತ್ತು. ನಗಬೇಡಿ, ಕಲ್ಲೋಳಿಯ ಬಸ್ ನಿಲ್ದಾಣದಲ್ಲಿ ನನ್ನ ಒಂದು ಅಧ್ಯಾಯವನ್ನು ಆಡೊಂದು ತಿಂದದ್ದನ್ನು ಕಣ್ಣಾರೆ ಕಂಡವನು ನಾನು. ಎಲ್ಲಕ್ಕಿಂತ ಹೆಚ್ಚಾಗಿ, ಕರಾರು ಮುರಿದು ಎರಡನೆಯ ಸಂಪುಟ ನಮ್ಮ ಕೈ ತಪ್ಪಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ಬಹಳ ಸಣ್ಣದು. ಅದಕ್ಕೆ ಬರುತ್ತೇನೆ.

ನಾನು ಅನುವಾದಕನಾಗಿದ್ದೆ. ಗೋಕಾಕದ ಒಂದು ಸಣ್ಣ ಪ್ರಕಾಶನದಲ್ಲಿ ತಿಂಗಳ ಪಗಾರದ ಮೇಲೆ. ಮುಂಜಾನೆ ಶಾಲೆಯ ಗೈಡುಗಳ ಕರಡು ತಿದ್ದುವುದು, ಮಧ್ಯಾಹ್ನದ ಮೇಲೆ ಇಂಗ್ಲಿಷಿನಿಂದ ಕನ್ನಡಕ್ಕೆ ಕಥೆ ಕಾದಂಬರಿ ತರುವುದು. ಗೈಡುಗಳು ಅನ್ನ ಹಾಕುತ್ತಿದ್ದವು, ಕಾದಂಬರಿಗಳು ಗೋದಾಮು ತುಂಬುತ್ತಿದ್ದವು. ಕಣ್ಣು ಸೋತದ್ದರಿಂದ ನಿವೃತ್ತಿಯ ವಯಸ್ಸಿಗೆ ಮೊದಲೇ ಮೂಡಲಗಿಯ ಮನೆಯಲ್ಲಿ ಕುಳಿತಿದ್ದೇನೆ. ಈಗ ದೊಡ್ಡ ಅಕ್ಷರದ ಪಂಚಾಂಗವೂ ದಣಿಸುತ್ತದೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಆಗಾಗ ಫೋನ್ ಮಾಡಿ, ‘ಸರ್, ಒಳ್ಳೆ ಅನುವಾದ ಅಂದ್ರೆ ಏನು?’ ಎಂದು ಕೇಳುತ್ತಾರೆ. ಅದು ನನಗೆ ಗೊತ್ತಿದ್ದರೆ ಇಷ್ಟು ವರ್ಷ ಎದೆಯುರಿಗೆ ಗುಳಿಗೆ ನುಂಗುತ್ತಿರಲಿಲ್ಲ. ನನಗೆ ಗೊತ್ತಿರುವುದು ಹೆದರಿಕೆಯೊಂದೇ, ಅದನ್ನೇ ಹೇಳುತ್ತೇನೆ.

ನಾನು ಸೇರಿದಾಗ ಗೈಡಿನ ಹಳೆಯ ಕರಡಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆವು. ಒಮ್ಮೆ ಅಚ್ಚುಕೂಟದವರು ಹಾಳೆಯನ್ನು ಮಗುಚಿ, ರಷ್ಯಾದ ಕಥೆಯೊಂದರ ನಟ್ಟ ನಡುವೆ ಏಳನೆಯ ತರಗತಿಯ ಸಸ್ಯಶಾಸ್ತ್ರದ ಅರ್ಧ ಪುಟ ಸೇರಿಸಿಬಿಟ್ಟರು. ನಾಯಕಿ ಅಳುತ್ತ ಕಿಟಕಿಯ ಬಳಿ ಹೋದವಳು ದ್ಯುತಿಸಂಶ್ಲೇಷಣೆ ಮಾಡತೊಡಗಿದಳು. ಪುಸ್ತಕ ಹೊರಬಿತ್ತು. ಯಾರೂ ದೂರಲಿಲ್ಲ. ಯಾರೂ ದೂರಲಿಲ್ಲವಲ್ಲ ಎಂಬುದೇ ನನ್ನನ್ನು ಬಹಳ ವರ್ಷ ಕಾಡಿತು. ಆಮೇಲೆ ಕಂಪ್ಯೂಟರ್ ಬಂತು. ಬರಬರುತ್ತ ತಾನೇ ಅನುವಾದಿಸುವ ಯಂತ್ರವೂ ಬಂತು. ಯಂತ್ರದ ವಾಕ್ಯ ಆಗತಾನೇ ಒರೆಸಿದ ನೆಲದಂತೆ ನುಣುಪಾಗಿರುತ್ತದೆ. ಆದರೆ ಅದು ರಾತ್ರಿ ಎದ್ದು ಕೂತು, ‘ಆ ಮುದುಕಿ ಅಲ್ಲಿ ನಕ್ಕಳೋ, ನಕ್ಕಂತೆ ನಟಿಸಿದಳೋ’ ಎಂದು ತಲೆ ಕೆರೆದುಕೊಳ್ಳುವುದಿಲ್ಲ. ನನ್ನ ಕೆಲಸದಲ್ಲಿ ಅರ್ಧ ಪಾಲು ಆ ಕೆರೆದುಕೊಳ್ಳುವುದೇ ಆಗಿತ್ತು.

ನಮ್ಮ ಮಾಲಕರು ಶಿವಪುತ್ರಪ್ಪನವರು. ಗೈಡಿನಲ್ಲಿ ಬಂದದ್ದನ್ನು ಕಾದಂಬರಿಯಲ್ಲಿ ಕಳೆಯುವುದೇ ಅವರ ಚಟ. ಬೇರೆ ಚಟಗಳಿಲ್ಲದ್ದರಿಂದ ಮನೆಯವರು ಇದೊಂದನ್ನು ಸಹಿಸಿಕೊಂಡಿದ್ದರು. ಒಂದು ದಿನ ಇಂಗ್ಲಿಷಿನ ದಪ್ಪ ಪುಸ್ತಕವೊಂದನ್ನು ನನ್ನ ಮೇಜಿನ ಮೇಲಿಟ್ಟರು.

‘ಚೀನಾದ ಬಾಯಾರು ಬರದದ್ದೈತಿ. ಮುಂದ ಬರೂ ಕಾಲದ ಕಥಿ. ಕುರಿ ಕಾಯಾಕಿ ಒಬ್ಬಾಕಿ ಆಕಾಶಕ್ಕ ಹೋಗ್ತಾಳಂತ.’

‘ಕುರಿ ತಗೊಂಡ್ರೀ?’

‘ಮತ್ತೇನ್ ಬಿಟ್ಟು ಹೋಗ್ತಾಳ? ಕುರಿ ಯಾರ ನೋಡಬೇಕು, ನೀವು ನೋಡ್ತೀರೇನು?’

ಲೇಖಕಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ನಾನು ಇವತ್ತಿಗೂ ಸರಿಯಾಗಿ ಉಚ್ಚರಿಸಲಾರೆ. ಆಫೀಸಿನಲ್ಲಿ ಎಲ್ಲರಿಗೂ ಅವರು ಬಾಯಾರು, ಅಂದರೆ ಮೇಡಂ, ಅಷ್ಟೇ.

ಕಾದಂಬರಿ ಹೀಗಿತ್ತು. ಭೂಮಿಯ ಮೇಲೆ ಧೂಳು ಕವಿದು ಮೇವು ಸತ್ತುಹೋಗಿದೆ. ಮುಗಿಲಿನಾಚೆ ದೊಡ್ಡ ಬಳೆಯಂಥ ಹುಲ್ಲುಗಾವಲೊಂದನ್ನು ಕಟ್ಟಿ ತೇಲಿಬಿಟ್ಟಿದ್ದಾರೆ. ಊರಿನ ಕುರಿಗಳನ್ನು ಮೇಯಿಸಲು ಲಾನ್ ಎಂಬ ಹೆಂಗಸು ಒಂದು ಉದ್ದನೆಯ ಹಗ್ಗದ ಆಸರೆಯಲ್ಲಿ ಮೇಲೆ ಹೋಗುತ್ತಾಳೆ. ಕೆಳಗೆ ಗಾಳಿ ಎದ್ದು, ಹಗ್ಗ ಕಟ್ಟಿದ ಕಂಬ ಊರಿನ ಮೇಲೆಯೇ ಉರುಳುವ ಭಯ ಹುಟ್ಟಿದಾಗ ಊರವರು ಸೇರಿ ಹಗ್ಗ ಕತ್ತರಿಸುತ್ತಾರೆ. ಆಮೇಲೆ ದಿನವೂ ಸಂಜೆ ಅವಳ ಲಾಟೀನಿನ ಬೆಳಕು ನಕ್ಷತ್ರದಂತೆ ಊರಿನ ಮೇಲೆ ಹಾದುಹೋಗುತ್ತದೆ. ಕೊನೆಯ ಸಾಲು ಇದು: ‘ಬೆಳಕು ಹಾದುಹೋಯಿತು, ಕೆಳಗಿನವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.’

ಆ ಸಾಲನ್ನು ಕನ್ನಡಕ್ಕೆ ತಂದ ದಿನ ನಾನು ಮೂಡಲಗಿಗೆ ಹೋಗುವ ಬಸ್ಸು ಬಿಟ್ಟು ಬೇರೆ ಯಾವುದೋ ಬಸ್ಸು ಹತ್ತಿ ಮಮದಾಪುರದಲ್ಲಿ ಇಳಿದಿದ್ದೆ. ಕಂಡಕ್ಟರ್ ಬೈದ. ಬೈಸಿಕೊಳ್ಳುವಾಗಲೂ ನನ್ನ ತಲೆಯಲ್ಲಿ ಬಾಗಿಲುಗಳೇ ಇದ್ದವು.

ಕರಾರಿನಲ್ಲಿ ಒಂದು ಷರತ್ತಿತ್ತು. ಒಂದು ಶಬ್ದ ಕೂಡಿಸುವಂತಿಲ್ಲ, ಒಂದು ಶಬ್ದ ಕಳೆಯುವಂತಿಲ್ಲ. ಅದಕ್ಕೊಂದು ಹಿನ್ನೆಲೆಯಿತ್ತು. ಬೇರೊಂದು ಭಾಷೆಯ ಅನುವಾದಕ ಕರುಣೆ ಉಕ್ಕಿ, ಕೊನೆಯಲ್ಲಿ ಹೊಸ ಹಗ್ಗವೊಂದನ್ನು ಇಳಿಬಿಟ್ಟು ಲಾನ್‌ಳನ್ನು ಮನೆಗೆ ಕರೆತಂದಿದ್ದನಂತೆ. ಬಾಯಾರು ಆ ಭಾಷೆಗೆ ಎರಡನೆಯ ಸಂಪುಟವನ್ನು ಕೊಡಲೇ ಇಲ್ಲ. ನಮಗೂ ಎರಡನೆಯದನ್ನು ಕೊಡುವುದೋ ಬಿಡುವುದೋ, ಮೊದಲನೆಯದನ್ನು ಹೇಗೆ ನಡೆಸಿಕೊಳ್ಳುತ್ತೀರಿ ನೋಡಿ ಹೇಳುತ್ತೇನೆ ಎಂದಿದ್ದರು. ನನಗೆ ಆ ಎರಡನೆಯದು ಬೇಕಿತ್ತು. ವೃತ್ತಿಯುದ್ದಕ್ಕೂ ಮಾಲಕರು ಇಟ್ಟದ್ದನ್ನು ಮಾಡಿದವನು ನಾನು. ಇದು ಬೇಕು ಎಂದು ಮನಸ್ಸು ಕೇಳಿದ್ದು ಅದೊಂದೇ. ಕಣ್ಣು ಪೂರ್ತಿ ಕೈಕೊಡುವ ಮೊದಲು ಲಾನ್ ಮುಂದೇನಾದಳು ಎಂದು ನಾನೇ ಕನ್ನಡದಲ್ಲಿ ಬರೆಯಬೇಕಿತ್ತು.

ಬಾಯಾರಿಗೆ ನಾನು ಮೇಲ್ ಮೇಲೆ ಮೇಲ್ ಕಳಿಸಿದೆ. ಕುರುಬಿತ್ತಿಯ ಕೈಯ ಕೋಲು ನೆಟ್ಟಗಿದೆಯೋ, ತುದಿಯಲ್ಲಿ ಬಾಗಿದೆಯೋ? ಅವಳು ಹೊದ್ದದ್ದು ನಮ್ಮ ಕಂಬಳಿಯಂಥದ್ದೋ, ಚರ್ಮದ್ದೋ? ಅವರು ಪೆನ್ನಿನಲ್ಲಿ ಚಿತ್ರ ಬಿಡಿಸಿ ಫೋಟೋ ತೆಗೆದು ಕಳಿಸುತ್ತಿದ್ದರು. ಚಿತ್ರದಲ್ಲಿ ಲಾನ್‌ಳಿಗೆ ಯಾವತ್ತೂ ಮುಖವಿರುತ್ತಿರಲಿಲ್ಲ. ಶಿವಪುತ್ರಪ್ಪನವರದು ಬೇರೆ ತಕರಾರು.

‘ಕುರಿ ಕಾಯಾಕಿ ಕುರಿ ಕೊಯ್ಕೊಂಡು ತಿಂತಾಳಂತ ಬರದೀರಲ್ಲ, ಓದೋರು ಏನಂತಾರ?’

‘ಕುರಿ ಕಾಯೋರು ತಿನ್ನೂದಿಲ್ಲೇನ್ರಿ?’

‘ತಿಂತಾರ. ಪುಸ್ತಕದಾಗ ತಿನ್ನೂದಿಲ್ಲ.’

ಕರಾರನ್ನು ತೋರಿಸಿದೆ. ಮಾಲಕರು ಕರಾರನ್ನು ಹಿಂದೆ ಮುಂದೆ ತಿರುವಿ ನೋಡಿ, ‘ತಿನ್ನಲಿ ಬಿಡ್ರಿ’ ಎಂದರು.

ಪುಸ್ತಕ ಬಂತು. ಅದನ್ನು ಹೇಗೆ ಸ್ವಾಗತಿಸಿದರು ಎಂದು ಹೇಳಿದರೆ ಹೊಸಬರು ಈ ಕೆಲಸ ಬಿಟ್ಟು ಬೇರೆ ನೋಡಿಕೊಳ್ಳಬಹುದು. ಬೆಂಗಳೂರಿನ ವಿಮರ್ಶಕರೊಬ್ಬರು, ಇದರಲ್ಲಿ ಚೀನಾ ಕಾಣುವುದಿಲ್ಲ, ಬರೀ ಕುರಿಗಳು ಕಾಣುತ್ತವೆ ಎಂದು ಬರೆದರು. ಇನ್ನೊಬ್ಬರು, ವಿಜ್ಞಾನ ಕಥೆಯಲ್ಲಿ ವಿಜ್ಞಾನವೇ ಇಲ್ಲ, ಹಗ್ಗವಿದೆ ಎಂದರು. ಹುಕ್ಕೇರಿಯಿಂದ ಒಬ್ಬರು ಫೋನ್ ಮಾಡಿ, ಗಡಿಯಲ್ಲಿ ನಮ್ಮ ಹುಡುಗರು ನಿಂತಿರುವಾಗ ನಿಮಗೆ ಚೀನಾದ್ದೇ ಬೇಕಿತ್ತೇನು ಎಂದು ಕೇಳಿದರು. ನಾನು ಆ ವಾರವೆಲ್ಲ ಹೊರಬಾಗಿಲ ಸದ್ದಿಗೆ ಬೆಚ್ಚುತ್ತಿದ್ದೆ. ಗೋಕಾಕದ ಬಸ್ ನಿಲ್ದಾಣದ ಅಂಗಡಿಯಲ್ಲಿ ಮಾತ್ರ ಚೆನ್ನಾಗಿ ಮಾರಾಟವಾಯಿತು. ಮುಖಪುಟದಲ್ಲಿ ನಕ್ಷತ್ರಗಳೂ ಟಗರೂ ಇದ್ದದ್ದರಿಂದ ಅಂಗಡಿಯವರು ಅದನ್ನು ರಾಶಿ ಭವಿಷ್ಯದ ಸಾಲಿನಲ್ಲಿ ಇಟ್ಟಿದ್ದರು. ಮೇಷ ರಾಶಿಯವರು ಕೊಂಡು ಹೋಗಿ, ಸಂಜೆಗೆ ಸಿಟ್ಟಿನಿಂದ ಹಿಂದಿರುಗಿಸುತ್ತಿದ್ದರು.

ಉಳಿದ ಕಟ್ಟುಗಳನ್ನು ಶಿವಪುತ್ರಪ್ಪನವರು ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಸುಮ್ಮನೆ ಹಂಚಿಬಿಟ್ಟರು. ಅಲ್ಲಿಗೆ ಆ ಕಥೆ ಮುಗಿಯಿತು ಎಂದು ನಾನೂ ತಿಳಿದೆ.

ಒಂದು ದಿನ ದಡ್ಡಿ ಎಂಬ ಹಳ್ಳಿಯಿಂದ ಫೋನ್ ಬಂತು. ಅಲ್ಲಿನ ಗ್ರಂಥಾಲಯ ನೋಡಿಕೊಳ್ಳುವ ಸುನಂದಾ ಎಂಬವರು.

‘ಸರ್ರ, ನಿಮ್ಮ ಚೀನಾ ಪುಸ್ತಕ ಪುರಾಣ ಹಚ್ಚೇವ್ರಿ.’

‘ಏನ್ ಮಾಡೇರಿ?’

‘ಪುರಾಣ ಹಚ್ಚೇವ್ರಿ. ದಿನಾ ಸಂಜಿಗೆ ನಾ ಓದತೀನಿ, ಕುರುಬರ ಓಣಿ ಮಂದೆಲ್ಲಾ ಬಂದು ಕೇಳ್ತಾರ. ನಮ್ಮ ಲಗಮವ್ವಾಯಿ ರಟ್ಟಿನ ಮ್ಯಾಲ ಟಗರು ನೋಡಿ, ಇದು ನಮ್ಮದ ಇರಬೇಕು, ಓದು ಅಂದ್ಲು. ಈಗ ಒಂದು ದಿನ ಬಿಟ್ರ ಬೈತಾಳ್ರಿ.’

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಶ್ರಾವಣದಲ್ಲಿ ಗುಡಿಯಲ್ಲೋ ಮಠದಲ್ಲೋ ಪುರಾಣ ಹಚ್ಚುತ್ತಾರೆ. ದಿನಕ್ಕಷ್ಟು ಓದುತ್ತ ಹೋಗಿ, ಕೊನೆಯ ದಿನ ಆರತಿ ಬೆಳಗಿ, ಎಲ್ಲರೂ ಉಂಡು, ಮಂಗಲ ಮಾಡಿ ಪುಸ್ತಕ ಮುಚ್ಚುತ್ತಾರೆ. ಮಂಗಲವಾಗದೆ ಮುಚ್ಚುವಂತಿಲ್ಲ. ಕಥೆಯಲ್ಲಿ ಕಾಡಿಗೆ ಹೋದವರು ಊರು ಸೇರಬೇಕು, ಸೆರೆ ಸಿಕ್ಕವರು ಬಿಡುಗಡೆಯಾಗಬೇಕು, ಆಮೇಲೆ ಹುಗ್ಗಿಯ ಊಟ. ಚೀನಾದ ಕಾದಂಬರಿಯೊಂದನ್ನು ಹೀಗೆ ಹಚ್ಚಿಕೊಂಡು ಕುಳಿತದ್ದನ್ನು ನಾನಂತೂ ಕೇಳಿರಲಿಲ್ಲ.

ಖುಷಿಯಾಗಿ, ಯೋಚಿಸದೆ, ಬಾಯಾರಿಗೆ ತಿಳಿಸಿದೆ. ಯೋಚಿಸದೆ ಮಾಡಿದ ಒಂದೇ ಕೆಲಸ, ಅದಕ್ಕೇ ಹೀಗಾಯಿತು. ಅವರ ಉತ್ತರ ಆ ದಿನವೇ ಬಂತು: ಕೊನೆಯ ದಿನದ ಓದನ್ನು ನಾನು ನೋಡಬೇಕು, ಕೇಳಬೇಕು.

ಮರುದಿನವೇ ದಡ್ಡಿಗೆ ಹೋಗಿ ಸುನಂದಾ ಅವರಿಗೆ ಕರಾರಿನ ವಿಷಯವನ್ನು ಬಿಡಿಸಿ ಹೇಳಿದೆ. ಕೊನೆಯ ಸಾಲಿನ ಮೇಲೆ ಒಂದು ಮಾತೂ ಬರಬಾರದು. ಹಗ್ಗ ಇಳಿಯಬಾರದು. ಮಂಗಲ ಬೇಡವೇ ಬೇಡ. ಸುನಂದಾ ಎಲ್ಲಕ್ಕೂ ‘ಆತ್ರಿ ಸರ್ರ’ ಎಂದರು. ಹಿಂದೆ ಕೂತಿದ್ದ ಮುದುಕಿ ಲಗಮವ್ವ ತಲೆಯೆತ್ತದೆ ಉಣ್ಣೆ ನೂಲುತ್ತಿದ್ದಳು. ತಕಲಿ ತಿರುಗುತ್ತಲೇ ಇತ್ತು. ಆ ತಕಲಿ ಬಸ್ಸಿನಲ್ಲಿ ಹುಕ್ಕೇರಿಯವರೆಗೂ ನನ್ನ ತಲೆಯಲ್ಲಿ ತಿರುಗಿತು.

ಆ ದಿನ ಬಂತು. ಗ್ರಂಥಾಲಯದ ಮುಂದಿನ ಬಯಲಿನಲ್ಲಿ ತಾಡಪತ್ರಿ ಹಾಸಿದ್ದರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಗಂಡಸರಲ್ಲಿ ಅರ್ಧಕ್ಕರ್ಧ ಕುರಿ ಹೊಡೆದುಕೊಂಡು ಕೃಷ್ಣೆಯಾಚೆ ಹೋಗಿದ್ದರು. ಇದ್ದವರು ವಯಸ್ಸಾದವರು, ಇಲ್ಲವೇ ಕಾಲು ನೋವಿನವರು. ಒಲೆಯ ಮೇಲೆ ಆಗಲೇ ಹುಗ್ಗಿ ಕುದಿಯುತ್ತಿತ್ತು. ಮಂಗಲವಿಲ್ಲದಿದ್ದರೆ ಹುಗ್ಗಿ ಏಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬಾಯಾರು ಸಮಯಕ್ಕೆ ಸರಿಯಾಗಿ ಫೋನಿನಲ್ಲಿ ಬಂದರು. ನರೆತ ಕೂದಲು, ಹಿಂದೆ ಪುಸ್ತಕದ ಕಪಾಟು. ನಮಸ್ಕಾರ ಹೇಳಿ, ಬ್ಯಾಟರಿ ಉಳಿಯಲಿ ಎಂದು ಪರದೆಯ ಬೆಳಕನ್ನು ಪೂರ್ತಿ ಇಳಿಸಿ, ಫೋನನ್ನು ಮೇಜಿನ ಮೇಲೆ ಹಿತ್ತಾಳೆಯ ತಂಬಿಗೆಗೆ ಒರಗಿಸಿಟ್ಟೆ. ಫೋನಿನ ಬೆನ್ನಿನ ಕ್ಯಾಮೆರಾ ಜನರ ಕಡೆಗೆ, ಪರದೆ ನನ್ನ ಕಡೆಗೆ. ಆಡು ಬಂದರೆ ಓಡಿಸಲು ಅದರ ಎದುರೇ ಕುರ್ಚಿ ಹಾಕಿಕೊಂಡು ಕೂತೆ. ನನ್ನ ಕಣ್ಣಿಗೆ ಬಾಯಾರ ಮುಖ ಬಾವಿಯ ತಳದ ನೀರಿನಂತೆ ಮಸುಕಾಗಿತ್ತು. ಮೂಲೆಯ ಚಿಕ್ಕ ಚೌಕದಲ್ಲಿ ಏನೋ ಅಲುಗಾಡುತ್ತಿತ್ತು. ಸದ್ಯ, ಜನ ಕಾಣುತ್ತಿದ್ದಾರೆ ಎಂದು ಸಮಾಧಾನಪಟ್ಟೆ.

ಸುನಂದಾ ಓದಿದರು. ನಾನು ಬರೆದ ವಾಕ್ಯಗಳನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ನನಗೆ ಯಾವತ್ತೂ ಹಿಂಸೆ. ಇಲ್ಲಿ ಉದ್ದವಾಯಿತು, ಅಲ್ಲಿ ಮೊಂಡಾಯಿತು ಎಂದು ಒಳಗೊಳಗೇ ತಿದ್ದುತ್ತಿರುತ್ತೇನೆ. ಹಗ್ಗ ಕತ್ತರಿಸುವಲ್ಲಿಗೆ ಬಂದಾಗ ಮಾತ್ರ ತಿದ್ದುವುದು ಮರೆತುಹೋಯಿತು. ಹೆಂಗಸರ ಕಡೆಯಿಂದ ಒಂದು ‘ಶ್ಶ್’ ಬಂತು, ಮುಳ್ಳು ಚುಚ್ಚಿದಾಗ ಬರುವಂಥದ್ದು. ಹೊತ್ತು ಇಳಿದು ಓಣಿಯ ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು. ಸುನಂದಾ ಕೊನೆಯ ಸಾಲನ್ನು ಓದಿ ನಿಲ್ಲಿಸಿದರು.

ಯಾರೂ ಏಳಲಿಲ್ಲ. ಲಗಮವ್ವ ಕೇಳಿದಳು: ‘ಮುಂದ?’

‘ಮುಗೀತಬೇ ಆಯಿ.’

‘ದೀಪ ಹಚ್ಚೂ ಹೊತ್ತಿನಾಗ ಬಾಗಲಾ ಹಾಕ್ಕೊಂಡ್ರೇನ?’

‘ಹಂಗ ಬರದಾರ.’

‘ಆಕಿ ದೀಪ ಕಾಣಸಾಕತ್ತಿತ್ತಿಲ್ಲೋ?’

‘ಕಾಣಸ್ತಿತ್ತು.’

‘ಕಂಡೂ ಹಾಕ್ಕೊಂಡ್ರಾ?’

ನಮ್ಮ ಹಳ್ಳಿಗಳಲ್ಲಿ ದೀಪ ಹಚ್ಚುವ ಹೊತ್ತಿನಲ್ಲಿ ತಲೆಬಾಗಿಲನ್ನು ಯಾರೂ ಮುಚ್ಚುವುದಿಲ್ಲ. ಅದು ಲಕ್ಷ್ಮಿ ಬರುವ ಹೊತ್ತು, ಹೊರಗೆ ಹೋದವರು ಬರುವ ಹೊತ್ತು. ನನ್ನ ಮನೆಯಲ್ಲೂ ಮುಚ್ಚುವುದಿಲ್ಲ. ಆ ಸಾಲನ್ನು ಬರೆದ ದಿನ ನನ್ನನ್ನು ಮಮದಾಪುರದವರೆಗೆ ಅಟ್ಟಿಸಿಕೊಂಡು ಹೋದದ್ದು ಏನೆಂದು ಆಗ ಹೊಳೆಯಿತು.

ಲಗಮವ್ವ ಎದ್ದಳು. ‘ಏಳ್ರಿ. ಆರತಿ ತರ್ರಿ.’

ನಾನು ಕುರ್ಚಿಯಿಂದ ಅರ್ಧ ಏಳುತ್ತ, ‘ಯವ್ವಾ, ಬ್ಯಾಡ್ರಿ. ಅವರು ಕೇಳಾಕತ್ತಾರ. ಬರದವ್ರ ಮಾತಿನ ಮ್ಯಾಲ ನಾವೇನೂ ಹಾಕುವಂಗಿಲ್ಲ’ ಎಂದೆ.

‘ನಾವೇನ್ ಹಾಕಾಕತ್ತೇವ್ರಿ? ಪುಸ್ತಕ ನಿಮ್ಮದ, ಇಟ್ಕೋರಿ. ನಮ್ಮ ಗಂಡಸರು ಹೊರಗ ಅದಾರ. ದಿನಾ ದೀಪದ ಹೊತ್ತಿಗೆ ಹೊಸ್ತಿಲದಾಗ ನಿಂತು ಒಮ್ಮೆ ಹೆಸರು ಹಿಡಿದು ಕರೀತೀವಿ. ಇಷ್ಟು ದಿನಾ ಈಕಿದು ಕೇಳೇವಿ. ಈಕಿನ್ನ ಬಿಟ್ಟು ಕರ್ಯೂದ್ ಹೆಂಗ?’

‘ಎರಡನೇ ಪುಸ್ತಕ ಕೊಡೂದಿಲ್ರಿ ಅವರು.’

‘ಕೊಡದಿದ್ರ ಬಿಡ್ಲಿ. ಈಕಿ ಹೊರಗ ಉಳದಾಳ, ನಿಮಗ ಪುಸ್ತಕದ ಚಿಂತಿ.’

ಹಿಂದಿನಿಂದ ಯಾರೋ ಮುದುಕ, ‘ಸರ್ರ, ಕುಂಡ್ರಿ. ಆಕಿ ನಿಂತಳಂದ್ರ ಟಗರೂ ದಾರಿ ಬಿಡ್ತಾವ’ ಎಂದ. ಕೂತೆ.

ಆರತಿ ಬಂತು. ಹೆಂಗಸರು ಬಯಲಿನ ಅಂಚಿಗೆ ಹೋಗಿ ಮುಗಿಲಿನ ಕಡೆ ಮುಖ ಮಾಡಿ ನಿಂತರು. ಮೊದಲು ಒಬ್ಬೊಬ್ಬರೂ ತಮ್ಮ ತಮ್ಮ ಮನೆಯವರ ಹೆಸರು ಹಿಡಿದು ಕರೆದರು. ಕೂಗಲಿಲ್ಲ, ಪಕ್ಕದ ಮನೆಯವರನ್ನು ಮಾತಾಡಿಸುವಷ್ಟೇ ದನಿ. ಆಮೇಲೆ ಲಗಮವ್ವ ಒಂದು ಹಿಡಿ ಭಂಡಾರ ಮೇಲಕ್ಕೆ ತೂರಿ, ‘ಲಾನವ್ವಾ, ಹೊತ್ತಾತು, ಮನಿಗಿ ಬಾರವ್ವಾ’ ಎಂದಳು. ಎಲ್ಲರೂ ಅಂದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡೆ. ಅದಕ್ಕೆ ಭಂಡಾರ ಕಾರಣವಲ್ಲ, ಅದು ನನ್ನವರೆಗೆ ಬಂದಿರಲಿಲ್ಲ.

ಹುಗ್ಗಿ ಬಡಿಸತೊಡಗಿದಾಗ ಫೋನಿನಿಂದ ಬಾಯಾರ ದನಿ ಬಂತು. ನಿಧಾನದ ಇಂಗ್ಲಿಷಿನಲ್ಲಿ, ಓದು ಮುಗಿದ ಮೇಲೆ ಏನು ನಡೆಯಿತು ಎಂದು ಕೇಳಿದರು. ಏನಾದರೂ ಹೇಳಿ ಮುಚ್ಚಬಹುದಿತ್ತು. ಊಟಕ್ಕೆ ಕರೆದರು ಎಂದರೆ ಸುಳ್ಳೂ ಆಗುತ್ತಿರಲಿಲ್ಲ. ಆದರೆ ಇಷ್ಟು ವರ್ಷ ಒಂದು ಶಬ್ದ ಆಚೆ ಈಚೆ ಆಗದಂತೆ ಕಾದವನಿಗೆ ಅದೊಂದು ಮಾತನ್ನು ತಪ್ಪಾಗಿ ದಾಟಿಸಲು ನಾಲಿಗೆ ಏಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಲಾನ್‌ಳನ್ನು ಹೆಸರು ಹಿಡಿದು ಮನೆಗೆ ಕರೆದರು. ದೀಪದ ಹೊತ್ತಿನಲ್ಲಿ ಇಲ್ಲಿ ಬಾಗಿಲು ಹಾಕುವುದಿಲ್ಲ. ನಾನು ಬೇಡ ಎಂದೆ, ಕೇಳಲಿಲ್ಲ.

ಎರಡನೆಯ ಸಂಪುಟ ಹೋಯಿತು ಎಂದುಕೊಂಡೆ. ಒಂದು ಬಗೆಯ ದಣಿವಾಯಿತು. ಹೆದರಿದ್ದು ಆಗಿಹೋದಾಗ ಬರುವ ದಣಿವು ಹೆದರಿಕೆಗಿಂತ ಹಗುರ.

ಆಮೇಲೆ ಬಾಯಾರು ಹೇಳಿದರು. ಬಾಗಿಲು ಹಾಕಿಕೊಂಡವರನ್ನು ನಾನು ಕಂಡಿದ್ದೇನೆ, ಅದಕ್ಕೆ ಹಾಗೆ ಬರೆದೆ. ಕರೆಯುವವರನ್ನು ಕಂಡಿರಲಿಲ್ಲ, ಅದಕ್ಕೆ ಬರೆಯಲಿಲ್ಲ. ಅಚ್ಚಿನಲ್ಲಿ ಕೊನೆಯ ಸಾಲು ಹಾಗೇ ಇರಲಿ. ಪುಸ್ತಕ ಮುಚ್ಚಿದ ಮೇಲೆ ಜನ ಏನು ಮಾಡುತ್ತಾರೆ ಎಂಬುದು ಕರಾರಿನಲ್ಲಿಲ್ಲ. ಎರಡನೆಯದನ್ನು ಕಳಿಸಿಕೊಡುತ್ತೇನೆ.

ಕಳಿಸಿದರು ಕೂಡ. ಅದೇ ನನ್ನ ಕೊನೆಯ ಕೆಲಸವಾಯಿತು. ಅದರಲ್ಲಿ ಲಾನ್ ಏನಾದಳು ಎಂದು ಇಲ್ಲಿ ಹೇಳುವುದಿಲ್ಲ. ದಡ್ಡಿಯಲ್ಲಿ ಅದನ್ನಿನ್ನೂ ಹಚ್ಚಿಲ್ಲ, ನನ್ನಿಂದ ಸುದ್ದಿ ಹೊರಬಿತ್ತೆಂದು ಲಗಮವ್ವನಿಗೆ ಗೊತ್ತಾದರೆ ಕಷ್ಟ.

ಇನ್ನೇನು ಫೋನ್ ಇಡಬೇಕು, ಬಾಯಾರು ಸಂಕೋಚದಿಂದ ಇನ್ನೊಂದು ಮಾತು ಸೇರಿಸಿದರು. ಆ ಅಜ್ಜಿಯನ್ನು ನೋಡುವ ಆಸೆಯಿತ್ತು, ಆಗಲಿಲ್ಲ, ಓದಿದವರನ್ನೂ ನೋಡಲಾಗಲಿಲ್ಲ. ದನಿ ಎಲ್ಲ ಕೇಳಿತು. ಕಂಡದ್ದು ಮಾತ್ರ ಮೊದಲಿನಿಂದ ಕೊನೆಯವರೆಗೆ ನಿಮ್ಮ ಮುಖ ಒಂದೇ. ನೀವು ಮೀಸೆ ಕಚ್ಚುವುದು, ಏನನ್ನೋ ಕಾಯುವಂತೆ ಆಚೀಚೆ ನೋಡುವುದು. ಕರೆಯುವುದು ಬೇಡ ಎಂದೆ ಅಂದಿರಲ್ಲ, ಅವರು ಕರೆಯುವಾಗ ನಿಮ್ಮ ತುಟಿಯೂ ಅಲುಗುತ್ತಿತ್ತು.

ಕನ್ನಡಕ ಹಾಕಿಕೊಂಡು ಪರದೆಗೆ ಮೂಗು ಹಚ್ಚಿ ಮೂಲೆಯ ಚೌಕವನ್ನು ನೋಡಿದೆ. ಅಲ್ಲಿ ಅಲುಗಾಡುತ್ತಿದ್ದದ್ದು ನಾನು. ಅಷ್ಟೆಲ್ಲ ಯೋಚಿಸಿದವನು ಪರದೆ ಕಡೆಯ ಕ್ಯಾಮೆರಾದಿಂದ ಜನರ ಕಡೆಯ ಕ್ಯಾಮೆರಾಕ್ಕೆ ಬದಲಿಸುವುದನ್ನು ಮರೆತಿದ್ದೆ.